ಪರಿಮಳದ ಭಟ್ಟಿ: ಅಲ್ ಕಿಂದಿಯವರ ಬದುಕು

ಭಟ್ಟಿ ಎಂಬ ಶಬ್ದ ಕಿವಿಗೆ ಬಿದ್ದೊಡನೆ ನಿಮಗೆ ಏನು ನೆನಪಾಗುತ್ತದೆ? ನಮ್ಮ ಅರಕೇರಾ, ದೇವದುರ್ಗ, ಮಾನ್ವಿ ಕಡೆಯ ಜನರಿಗೆ ಮೊದಲು ನೆನಪಾಗುವುದು ಸಾರಾಯಿ. ಎಷ್ಟೋ ಮನೆಗಳ ದೀಪ ಆರಿಸಿದ, ಎಷ್ಟೋ ತಾಯಂದಿರ ಕಣ್ಣೀರಿಗೆ ಕಾರಣವಾದ ಸಾರಾಯಿ. 2007ರಲ್ಲಿ ಕರ್ನಾಟಕ ಸರಕಾರ ಅದನ್ನು ನಿಷೇಧಿಸಿತು. ಆದರೂ ಕಳ್ಳಭಟ್ಟಿ ಎಂಬ ಮಾತು ಜನರ ನಾಲಗೆಯಿಂದ ಮರೆಯಾಗಿಲ್ಲ.

ಅದೇ ಭಟ್ಟಿಯ ಇನ್ನೊಂದು ಮುಖವನ್ನು ನಿಮ್ಮ ಮನೆಯಲ್ಲಿಯೇ ನೋಡಿರಿ. ನಿಕಾಹ್‌ನ ದಿನ ಅತಿಥಿಗಳ ಮೇಲೆ ಚಿಮುಕಿಸುವ ಗುಲಾಬ್ ಜಲ, ಹೊಟ್ಟೆ ಉಬ್ಬರಕ್ಕೆ ಹಕೀಮರು ಕೊಡುವ ಅಜವಾನದ ಅರಖ್, ನೆಗಡಿಯಾದಾಗ ಹಬೆ ತೆಗೆದುಕೊಳ್ಳಲು ಬಿಸಿನೀರಿಗೆ ಹಾಕುವ ನೀಲಗಿರಿ ಎಣ್ಣೆ, 1920ರಿಂದ ಹೈದರಾಬಾದಿನಲ್ಲಿ ತಯಾರಾಗುತ್ತಾ ನಮ್ಮ ಸೀಮೆಯ ಎಷ್ಟೋ ಮನೆಗಳ ಗೂಡು ಸೇರಿರುವ ಜಿಂದಾ ತಿಲಿಸ್ಮಾತ್ - ಇವೆಲ್ಲದರ ಹಿಂದೆಯೂ ಇರುವುದು ಭಟ್ಟಿಯ ವಿದ್ಯೆಯೇ. ಒಂದೇ ಪಾತ್ರೆ, ಒಂದೇ ಬೆಂಕಿ. ಒಬ್ಬನು ಅದರಿಂದ ಬುದ್ಧಿಯನ್ನು ಕೆಡಿಸುವ ಪಾನೀಯವನ್ನು ಇಳಿಸುತ್ತಾನೆ. ಇನ್ನೊಬ್ಬನು ಔಷಧವನ್ನೂ ಪರಿಮಳವನ್ನೂ ಇಳಿಸುತ್ತಾನೆ. ಅಲ್ಲಾಹನು ಮನುಷ್ಯನಿಗೆ ಕೊಟ್ಟ ಎಲ್ಲ ವಿದ್ಯೆಗಳ ಕಥೆಯೂ ಇಷ್ಟೇ ಅಲ್ಲವೇ? ವಿದ್ಯೆ ಅಮಾನತ್ತು. ಅದನ್ನು ಹಿಡಿದ ಕೈ ಎಂಥದು ಎಂಬುದೇ ಮುಖ್ಯ ಪ್ರಶ್ನೆ.

ಈ ವಿದ್ಯೆಯನ್ನು ಕುರಿತು ಸಾವಿರದ ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ ಗ್ರಂಥ ಬರೆದ ಒಬ್ಬ ಮಹಾ ವಿದ್ವಾಂಸರ ಬದುಕನ್ನು ಇಂದು ನಿಮ್ಮ ಮುಂದಿಡುತ್ತಿದ್ದೇನೆ. ಅವರ ಹೆಸರು ಅಬೂ ಯೂಸುಫ್ ಯಅಕೂಬ್ ಇಬ್ನ್ ಇಸ್‌ಹಾಕ್ ಅಲ್ ಕಿಂದಿ. ಚರಿತ್ರೆ ಅವರನ್ನು ಅರಬರ ತತ್ವಜ್ಞಾನಿ ಎಂದು ಕರೆದಿದೆ.

ಕೂಫಾದಿಂದ ಬಗ್ದಾದಿಗೆ

ಅಲ್ ಕಿಂದಿಯವರು ಸುಮಾರು ಕ್ರಿ.ಶ. 801ರಲ್ಲಿ ಇರಾಕಿನ ಕೂಫಾ ನಗರದಲ್ಲಿ ಜನಿಸಿದರು. ಅವರದು ಕಿಂದಾ ಎಂಬ ಪ್ರಾಚೀನ ಅರಬ್ ಗೋತ್ರ. ಇಸ್ಲಾಮಿಗೆ ಮುಂಚೆ ಅರೇಬಿಯಾದಲ್ಲಿ ರಾಜ್ಯವಾಳಿದ ಗೋತ್ರವದು. ಅವರ ಪೂರ್ವಜರಾದ ಅಶ್‌ಅಸ್ ಇಬ್ನ್ ಕೈಸ್ ಹಿಜರಿ 10ರಲ್ಲಿ ಕಿಂದಾ ನಿಯೋಗದೊಂದಿಗೆ ಮದೀನಾಕ್ಕೆ ಬಂದು ಪ್ರವಾದಿವರ್ಯರ(ಸ) ಸನ್ನಿಧಿಯಲ್ಲಿ ಇಸ್ಲಾಮ್ ಸ್ವೀಕರಿಸಿದ್ದರು. ತಂದೆ ಇಸ್‌ಹಾಕ್, ಖಲೀಫಾ ಮಹ್ದೀ ಮತ್ತು ಹಾರೂನ್ ರಶೀದರ ಕಾಲದಲ್ಲಿ ಕೂಫಾದ ಗವರ್ನರ್ ಆಗಿದ್ದರು.

ಇಂಥ ಮನೆತನದ ಮಗನಿಗೆ ಪದವಿಯಾಗಲಿ, ಸುಖದ ಬದುಕಾಗಲಿ ದುರ್ಲಭವಾಗಿರಲಿಲ್ಲ. ಆದರೆ ಆ ಯುವಕನ ಮನಸ್ಸು ಪುಸ್ತಕಗಳ ಕಡೆ ಹರಿಯಿತು. ಬಸ್ರಾ ಮತ್ತು ಬಗ್ದಾದಿನಲ್ಲಿ ಅವರು ವಿದ್ಯಾರ್ಜನೆ ಮಾಡಿದರು. ಆಗ ಬಗ್ದಾದ್ ಅರ್ಧ ಜಗತ್ತಿನ ವಿದ್ಯೆಯ ಸಂತೆಯಾಗಿತ್ತು. ಖಲೀಫಾ ಮಅಮೂನರ ಆಳ್ವಿಕೆಯಲ್ಲಿ (813-833) ಗ್ರೀಕ್, ಸಿರಿಯಾಕ್, ಪಹ್ಲವಿ ಮತ್ತು ಸಂಸ್ಕೃತ ಭಾಷೆಗಳ ವಿದ್ಯೆ ಅರಬೀ ಭಾಷೆಗೆ ಬರುತ್ತಿತ್ತು. ಅಲ್ ಕಿಂದಿಯವರು ಆ ಆಸ್ಥಾನವನ್ನು ಸೇರಿದರು. ಮುಂದಿನ ಖಲೀಫಾ ಮುಅತಸಿಮರ (833-842) ಮಗ ಅಹ್ಮದನಿಗೆ ಗುರುಗಳಾದರು.

ಅವರು ಬರೆದದ್ದು ಒಂದೆರಡು ಪುಸ್ತಕಗಳಲ್ಲ. ಹತ್ತನೇ ಶತಮಾನದ ಬಗ್ದಾದಿನ ಇಬ್ನ್ ನದೀಮ್ ತಮ್ಮ ಪುಸ್ತಕಪಟ್ಟಿಯಲ್ಲಿ ಅವರ 200ಕ್ಕೂ ಹೆಚ್ಚು ಕೃತಿಗಳ ಹೆಸರುಗಳನ್ನು ಕೊಟ್ಟಿದ್ದಾರೆ. ಅವುಗಳಲ್ಲಿ ಬಹುಪಾಲು ಕಾಲದ ಪಾಲಾಗಿವೆ. ಗಣಿತ, ಖಗೋಳ, ಬೆಳಕು, ಸಂಗೀತ, ಖಡ್ಗದ ಉಕ್ಕು, ಸಮುದ್ರದ ಉಬ್ಬರವಿಳಿತ, ಔಷಧಗಳ ಪ್ರಮಾಣ - ಅವರು ಕೈಯಿಡದ ವಿಷಯ ಕಡಿಮೆ. ಗುಪ್ತಲಿಪಿಯಲ್ಲಿ ಬರೆದ ಪತ್ರದಲ್ಲಿ ಯಾವ ಅಕ್ಷರ ಎಷ್ಟು ಸಲ ಬರುತ್ತದೆಂದು ಎಣಿಸಿ, ಅದರಿಂದ ಗುಟ್ಟನ್ನು ಒಡೆಯುವ ಕ್ರಮವನ್ನು ವಿವರಿಸಿದ, ಇಂದು ನಮಗೆ ದೊರೆತಿರುವ ಅತ್ಯಂತ ಹಳೆಯ ಬರಹವೂ ಅವರದೇ. ನಮ್ಮ ಭಾರತದ ಅಂಕಿಗಳಿಂದ ಲೆಕ್ಕ ಮಾಡುವ ಕ್ರಮದ ಬಗ್ಗೆಯೂ ಅವರು ನಾಲ್ಕು ಭಾಗಗಳ ಒಂದು ಕೃತಿಯನ್ನು ರಚಿಸಿದ್ದರು.

ಹಳಬರ ಋಣ

ಅಲ್ ಕಿಂದಿಯವರಿಗೆ ಗ್ರೀಕ್ ಭಾಷೆ ತಿಳಿದಿರಲಿಲ್ಲವೆಂದು ಚರಿತ್ರಕಾರರು ಅಭಿಪ್ರಾಯಪಡುತ್ತಾರೆ. ಆದರೆ ಅವರ ಸುತ್ತ ಅನುವಾದಕರ ಒಂದು ತಂಡವೇ ಇತ್ತು. ಅವರಲ್ಲಿ ಕ್ರೈಸ್ತರೂ ಇದ್ದರು. ಅವರು ಅನುವಾದಿಸಿದ್ದನ್ನು ಅಲ್ ಕಿಂದಿಯವರು ಓದಿ, ತಿದ್ದಿ, ಅರಬೀ ಓದುಗರಿಗೆ ಅರ್ಥವಾಗುವಂತೆ ಮಾಡುತ್ತಿದ್ದರು.

ಆ ಕಾಲದಲ್ಲಿಯೂ ಒಂದು ಆಕ್ಷೇಪವಿತ್ತು. ಅನ್ಯರ ಪುಸ್ತಕಗಳಲ್ಲಿ ನಮಗೇನು ಕೆಲಸ ಎಂಬ ಆಕ್ಷೇಪ. ಖಲೀಫಾ ಮುಅತಸಿಮರಿಗೆ ಅರ್ಪಿಸಿದ ತಮ್ಮ ಪ್ರಸಿದ್ಧ ಗ್ರಂಥದ ಮೊದಲಲ್ಲಿ ಅಲ್ ಕಿಂದಿಯವರು ಇದಕ್ಕೆ ಉತ್ತರ ಕೊಟ್ಟಿದ್ದಾರೆ. ಆ ಉತ್ತರದ ಸಾರ ಹೀಗಿದೆ: ಸತ್ಯವು ದೂರದ ಜನಾಂಗದಿಂದ ಬಂದರೂ ಅದನ್ನು ಸ್ವೀಕರಿಸಲು ನಾಚಬೇಕಾಗಿಲ್ಲ. ಯಾವೊಬ್ಬನೂ ತನ್ನ ಒಂದು ಆಯುಷ್ಯದಲ್ಲಿ ಇಡೀ ಸತ್ಯವನ್ನು ಕಂಡುಕೊಳ್ಳಲಾರ. ಪ್ರತಿಯೊಬ್ಬರೂ ಸ್ವಲ್ಪ ಸ್ವಲ್ಪವಾಗಿ ಕೂಡಿಸಿದ್ದು ಕಾಲಕಾಲಕ್ಕೆ ಸೇರಿ ದೊಡ್ಡದಾಗಿದೆ. ಆದ್ದರಿಂದ ನಮಗೆ ಎಳ್ಳಷ್ಟು ಸತ್ಯವನ್ನು ಕೊಟ್ಟವರಿಗೂ ನಾವು ಕೃತಜ್ಞರಾಗಿರಬೇಕು.

ಓದುಗರೇ, ಈ ಮಾತು ಇಂದು ನಮಗೆ ಬಹಳ ಅಗತ್ಯವಾಗಿದೆ. ಭಟ್ಟಿಯಿಳಿಸುವ ವಿದ್ಯೆಯನ್ನು ಮುಸ್ಲಿಮರೇ ಮೊದಲು ಕಂಡುಹಿಡಿದರೆಂದು ನಮ್ಮ ಭಾಷಣಗಳಲ್ಲಿ ಆಗಾಗ ಕೇಳಿಬರುತ್ತದೆ. ಕೆಲವರು ಅದನ್ನು ಇಬ್ನ್ ಸೀನಾರ ಹೆಸರಿಗೆ, ಇನ್ನು ಕೆಲವರು ಜಾಬಿರ್ ಇಬ್ನ್ ಹಯ್ಯಾನರ ಹೆಸರಿಗೆ ಬರೆಯುತ್ತಾರೆ. ಸತ್ಯವೇನು? ಇಸ್ಲಾಮಿಗೆ ಶತಮಾನಗಳ ಮುಂಚೆಯೇ ಈಜಿಪ್ಟಿನ ಅಲೆಕ್ಸಾಂಡ್ರಿಯಾದ ಕಡೆಯ ಗ್ರೀಕ್ ರಸವಾದಿಗಳಿಗೆ ಭಟ್ಟಿಯ ಪಾತ್ರೆ ಗೊತ್ತಿತ್ತು. ಅದರ ಅರಬೀ ಹೆಸರಾದ ಅನ್ಬೀಕ್ ಎಂಬುದೇ ಗ್ರೀಕ್ ಶಬ್ದದಿಂದ ಬಂದಿದೆ. ಮುಸ್ಲಿಮ್ ವಿದ್ವಾಂಸರು ಆ ವಿದ್ಯೆಯನ್ನು ಪಡೆದರು, ಪರೀಕ್ಷಿಸಿದರು, ಸುಧಾರಿಸಿದರು, ಬರೆದಿಟ್ಟರು. ಗುಲಾಬ್ ಜಲವನ್ನು ದೇಶದೇಶಗಳಿಗೆ ಕಳುಹಿಸುವ ದೊಡ್ಡ ಉದ್ಯಮವನ್ನಾಗಿ ಮಾಡಿದರು. ಅವರಿಂದ ಆ ಪಾತ್ರೆ ಯುರೋಪಿಗೆ ಹೋದಾಗ ಅರಬೀ ಭಾಷೆಯ ಅಲ್ ಎಂಬ ಎರಡಕ್ಷರವನ್ನೂ ಹೊತ್ತುಕೊಂಡು ಅಲೆಂಬಿಕ್ ಆಯಿತು. ಇಷ್ಟು ಹಿರಿಮೆ ಸಾಲದೇ? ಇತರರ ಪಾಲನ್ನೂ ನಮ್ಮ ಹೆಸರಿಗೆ ಬರೆದುಕೊಳ್ಳುವ ಅಗತ್ಯವೇನು?

ನಮ್ಮ ಹಿರಿಯರು ಹಾಗೆ ಮಾಡಲಿಲ್ಲ. ಶತಮಾನಗಳ ಕಾಲ ಮುಸ್ಲಿಮ್ ಹಕೀಮರು ಬೆಳೆಸಿದ ವೈದ್ಯಪದ್ಧತಿಗೆ ಇಂದಿಗೂ ಯುನಾನಿ ಎಂದೇ ಹೆಸರು. ಯುನಾನ್ ಎಂದರೆ ಗ್ರೀಸ್ ದೇಶ. ಬೆಂಗಳೂರಿನಲ್ಲಿರುವ ರಾಷ್ಟ್ರೀಯ ಯುನಾನಿ ವೈದ್ಯ ಸಂಸ್ಥೆಯ ಹೆಸರನ್ನು ಓದುವಾಗಲೆಲ್ಲ ಈ ಪ್ರಾಮಾಣಿಕತೆಯನ್ನು ನೆನೆಯಿರಿ. ತಾನು ಪಡೆದದ್ದು ಯಾರಿಂದ ಎಂಬುದನ್ನು ತನ್ನ ಬಾಗಿಲ ಮೇಲೆಯೇ ಬರೆದುಕೊಂಡ ವಿದ್ಯೆಯದು.

ಎಲೆ, ಬೆಂಕಿ ಮತ್ತು ನೀರು

ಅಲ್ ಕಿಂದಿಯವರ ಹೆಸರಿನಲ್ಲಿ ನಮಗೆ ದೊರೆತಿರುವ ಒಂದು ಗ್ರಂಥ ಸುಗಂಧಗಳ ರಸಾಯನ ಮತ್ತು ಭಟ್ಟಿಯಿಳಿಸುವಿಕೆಯನ್ನು ಕುರಿತದ್ದು. ಇಸ್ತಾಂಬುಲಿನಲ್ಲಿ ಉಳಿದುಕೊಂಡಿದ್ದ ಅದರ ಹಸ್ತಪ್ರತಿಯನ್ನು ಕಾರ್ಲ್ ಗಾರ್ಬರ್ಸ್ ಎಂಬ ಜರ್ಮನ್ ವಿದ್ವಾಂಸರು 1948ರಲ್ಲಿ ಅನುವಾದ ಸಮೇತ ಪ್ರಕಟಿಸಿದರು. ಅದರಲ್ಲಿ 107 ವಿಧಾನಗಳಿವೆ. ಸುಗಂಧ ತೈಲಗಳು, ಲೇಪಗಳು, ಪರಿಮಳದ ಜಲಗಳು, ದುಬಾರಿ ದ್ರವ್ಯಗಳಿಗೆ ಬದಲಾಗಿ ಬಳಸಬಹುದಾದ ಮಿಶ್ರಣಗಳು - ಎಲ್ಲವೂ ಅಲ್ಲಿವೆ. ಅಂದಿನ ಬಗ್ದಾದಿನ ಅತ್ತರುಗಾರರ ಅಂಗಡಿಗೆ ಕಸ್ತೂರಿ, ಅಂಬರ್, ಕರ್ಪೂರ, ಊದ್ ಮತ್ತು ಶ್ರೀಗಂಧ ಬರುತ್ತಿದ್ದವು. ಅವುಗಳಲ್ಲಿ ಹಲವು ನಮ್ಮ ಹಿಂದೂಸ್ತಾನದ ಕಡೆಯಿಂದ ಹಡಗಿನಲ್ಲಿ ಹೋಗುತ್ತಿದ್ದವು.

ಭಟ್ಟಿಯ ಕೆಲಸ ಹೇಗೆ ನಡೆಯುತ್ತದೆಂದು ನಿಮ್ಮ ಮಕ್ಕಳಿಗೆ ವಿವರಿಸಿರಿ. ತುಳಸಿ, ಪುದೀನಾ, ದವನ ಅಥವಾ ಕಾಮಕಸ್ತೂರಿಯ ಒಂದು ಎಲೆಯನ್ನು ಬೆರಳಲ್ಲಿ ಹೊಸಕಿದರೆ ಪರಿಮಳ ಬರುತ್ತದೆ. ಏಕೆ? ಆ ಎಲೆಯ ಮೇಲೆ ಬರಿಗಣ್ಣಿಗೆ ಕಾಣದಷ್ಟು ಸಣ್ಣ ಚೀಲಗಳಿವೆ. ಅವುಗಳಲ್ಲಿ ಅಲ್ಲಾಹನು ಎಣ್ಣೆಯನ್ನು ತುಂಬಿಟ್ಟಿದ್ದಾನೆ. ಹೊಸಕಿದಾಗ ಚೀಲ ಒಡೆಯುತ್ತದೆ. ನೀಲಗಿರಿ ಎಲೆಯಲ್ಲಿ ಇಂಥ ಚೀಲಗಳು ಎಲೆಯ ಒಳಗಡೆ ಇವೆ. ಎಲೆಯನ್ನು ಬೆಳಕಿಗೆ ಹಿಡಿದರೆ ಚುಕ್ಕೆಗಳಂತೆ ಕಾಣುತ್ತವೆ.

ಈ ಎಣ್ಣೆಯನ್ನು ಶೇಂಗಾ ಎಣ್ಣೆಯಂತೆ ಗಾಣದಲ್ಲಿ ಹಿಂಡಿ ತೆಗೆಯಲಾಗದು. ಅದು ಅಷ್ಟು ಕಡಿಮೆ, ಅಷ್ಟು ಸೂಕ್ಷ್ಮ. ನೇರವಾಗಿ ಕಾಯಿಸಿದರೆ ಎಲೆ ಸುಟ್ಟು ಪರಿಮಳ ಕೆಡುತ್ತದೆ. ನೀಲಗಿರಿ ಎಣ್ಣೆಯ ಮುಖ್ಯ ಅಂಶ ತಾನೊಂದೇ ಕುದಿಯಬೇಕಾದರೆ ಸುಮಾರು 176 ಡಿಗ್ರಿ ಶಾಖ ಬೇಕು. ಆದರೆ ನೀರಿನ ಆವಿಯ ಜೊತೆಗಿದ್ದರೆ ಅದು 100 ಡಿಗ್ರಿಗೂ ಕಡಿಮೆ ಶಾಖದಲ್ಲಿ ಮೇಲೇಳುತ್ತದೆ. ಒಬ್ಬಂಟಿಯಾಗಿ ಏರಲಾಗದ ಎತ್ತರವನ್ನು ಅದು ಜೊತೆಗಾರನ ಕೈಹಿಡಿದು ಏರುತ್ತದೆ. ಭಟ್ಟಿಯ ಗುಟ್ಟೆಲ್ಲ ಇದೇ.

ಕೆಳಗೆ ಎಲೆ ಮತ್ತು ನೀರು ತುಂಬಿದ ಪಾತ್ರೆ. ಅದರ ಆಕಾರದಿಂದಾಗಿ ಅರಬರು ಅದನ್ನು ಸೋರೆಕಾಯಿ ಎಂಬ ಅರ್ಥದ ಕರಅ ಎಂಬ ಹೆಸರಿನಿಂದ ಕರೆದರು. ಮೇಲೆ ಟೊಪ್ಪಿಗೆಯಂತೆ ಕೂಡುವ ಭಾಗ ಅನ್ಬೀಕ್. ಅದರ ಉದ್ದನೆಯ ಮೂತಿಯ ಕೆಳಗೆ ಇಳಿದುಬಂದದ್ದನ್ನು ಹಿಡಿಯುವ ಇನ್ನೊಂದು ಪಾತ್ರೆ. ಆವಿ ಮೇಲೇರಿ, ತಣಿದು, ಹನಿಹನಿಯಾಗಿ ಇಳಿಯುತ್ತದೆ. ಎಣ್ಣೆ ನೀರಿಗಿಂತ ಹಗುರವಾದ್ದರಿಂದ ಮೇಲೆ ತೇಲುತ್ತದೆ. ಅದನ್ನು ತೆಗೆದ ಮೇಲೆ ಉಳಿಯುವ ಪರಿಮಳದ ನೀರೇ ಅರಖ್. ಅರಬೀಯಲ್ಲಿ ಆ ಶಬ್ದಕ್ಕೆ ಬೆವರು ಎಂದು ಅರ್ಥ. ಎಲೆಯ ಬೆವರು! ನಮ್ಮ ದೇಶದ ಯುನಾನಿ ಪುಸ್ತಕಗಳಲ್ಲಿ ಈ ಪಾತ್ರೆಗೆ ಇಂದಿಗೂ ಕರಅ ಅನ್ಬೀಕ್ ಎಂಬ ಅದೇ ಹೆಸರಿದೆ. ಮೈಸೂರು ಸಂಸ್ಥಾನವು 1916-17ರಲ್ಲಿ ಶ್ರೀಗಂಧದ ಎಣ್ಣೆಯ ಕಾರ್ಖಾನೆಗಳನ್ನು ತೆರೆದಾಗಲೂ, ಇಂದು ನಮ್ಮ ರಾಜ್ಯದ ರೈತರು ಬೆಳೆದ ದವನದಿಂದ ಎಣ್ಣೆ ತೆಗೆಯುವಾಗಲೂ ನಡೆಯುವುದು ಇದೇ ತತ್ವ.

ನೂರು ಕಿಲೋ ಹಸಿ ತುಳಸಿಯಿಂದ ಅರ್ಧ ಕಿಲೋ ಎಣ್ಣೆ ಬರುವುದೂ ಕಷ್ಟ. ಅವಸರಪಟ್ಟು ಬೆಂಕಿ ಹೆಚ್ಚಿಸಿದರೆ ಅದೂ ಕೆಡುತ್ತದೆ. ಹೀಗೆ ಭಟ್ಟಿಯ ಮುಂದೆ ಕುಳಿತವನಿಗೆ ಸಬ್ರ್ ಎಂದರೇನೆಂದು ಬೇರೆ ಪಾಠ ಬೇಕಾಗುವುದಿಲ್ಲ.

ಅಸಲಿ ಮತ್ತು ನಕಲಿ

ದುಬಾರಿ ದ್ರವ್ಯಗಳಿಗೆ ಬದಲಿ ತಯಾರಿಸುವ ವಿಧಾನಗಳೂ ಆ ಗ್ರಂಥದಲ್ಲಿವೆ ಎಂದು ಹೇಳಿದೆ. ಇದನ್ನು ಓದಿ ನಿಮ್ಮಲ್ಲಿ ಕೆಲವರಿಗೆ ಸಂಶಯ ಬರಬಹುದು. ಕಸ್ತೂರಿಯಲ್ಲದ್ದನ್ನು ಕಸ್ತೂರಿಯಂತೆ ಮಾಡುವುದು ಮೋಸವಲ್ಲವೇ?

ಸಂಶಯ ನ್ಯಾಯವಾದುದೇ. ಬದಲಿಯನ್ನು ಬದಲಿಯೆಂದು ಹೇಳಿ ಕಡಿಮೆ ಬೆಲೆಗೆ ಕೊಟ್ಟರೆ ಅದು ಬಡವನಿಗೂ ಪರಿಮಳ ದೊರಕಿಸುವ ಉಪಕಾರ. ಅದನ್ನೇ ಅಸಲಿಯೆಂದು ಮಾರಿದರೆ ಅದು ಹರಾಮ್ ಸಂಪಾದನೆ. ವಸ್ತು ಒಂದೇ, ಆದರೆ ನಾಲಗೆಯ ಒಂದು ಮಾತಿನಿಂದ ಅದು ಹಲಾಲ್ ಅಥವಾ ಹರಾಮ್ ಆಗುತ್ತದೆ. ಒಣ ಧಾನ್ಯದ ರಾಶಿಯೊಳಗೆ ಕೈಯಿಟ್ಟು ತೇವವನ್ನು ಕಂಡ ಪ್ರವಾದಿವರ್ಯರು(ಸ), ಒದ್ದೆಯಾದದ್ದನ್ನು ಗಿರಾಕಿಗೆ ಕಾಣುವಂತೆ ಮೇಲಿಡಬಾರದಿತ್ತೇ ಎಂದು ವರ್ತಕನನ್ನು ಕೇಳಿದ ಪ್ರಸಂಗವನ್ನು ನೀವೆಲ್ಲ ಬಲ್ಲಿರಿ. ಸಂತೆಯಲ್ಲಿ, ಉರೂಸಿನಲ್ಲಿ ಅತ್ತರಿನ ಪೆಟ್ಟಿಗೆ ಹಿಡಿದು ಕೂಡುವ ನಮ್ಮ ಸಹೋದರರು ಈ ಪ್ರಸಂಗವನ್ನು ಮರೆಯದಿರಲಿ. ಹಣೆಯ ಮೇಲೆ ನಮಾಜಿನ ಗುರುತು, ಸೀಸೆಯ ಮೇಲೆ ಸುಳ್ಳಿನ ಚೀಟಿ - ಇವೆರಡೂ ಒಂದೆಡೆ ಇರಲು ಸಾಧ್ಯವೇ?

ಅಲ್ ಕಿಂದಿಯವರ ನಿಲುವು ಇನ್ನೊಂದು ವಿಷಯದಲ್ಲಿ ಬಹಳ ಸ್ಪಷ್ಟವಾಗಿತ್ತು. ಅಂದಿನ ಕಾಲದಲ್ಲಿ ತಾಮ್ರ, ಸೀಸಗಳನ್ನು ಚಿನ್ನ ಮಾಡುತ್ತೇವೆಂದು ಹೇಳಿ ಶ್ರೀಮಂತರನ್ನು ದೋಚುವ ರಸವಾದಿಗಳು ಬಹಳವಿದ್ದರು. ಭಟ್ಟಿಯ ವಿದ್ಯೆಯನ್ನು ಬಲ್ಲ ಅಲ್ ಕಿಂದಿಯವರು ಆ ವಿದ್ಯೆಯ ಹೆಸರಿನಲ್ಲಿ ನಡೆಯುವ ವಂಚನೆಯನ್ನು ಖಂಡಿಸಿ ಪುಸ್ತಕ ಬರೆದರು. ಪ್ರಕೃತಿ ಮಾಡುವ ಚಿನ್ನವನ್ನು ಮನುಷ್ಯ ಮಾಡಲಾರ ಎಂಬುದು ಅವರ ಖಚಿತ ಅಭಿಪ್ರಾಯವಾಗಿತ್ತು. ಅನಂತರ ಬಂದ ಮಹಾವೈದ್ಯ ರಾಝೀ ಈ ವಿಷಯದಲ್ಲಿ ಅವರನ್ನು ವಿರೋಧಿಸಿ ಬರೆದರು. ಆದರೆ ಇಂದು ನಮಗೆ ತಿಳಿದಿದೆ: ಆ ರಸವಾದಿಗಳ ಯಾವ ಪಾತ್ರೆಯಿಂದಲೂ ಚಿನ್ನ ಬರಲಿಲ್ಲ. ಎಲೆಯಿಂದ ಅದರಲ್ಲಿರುವ ಪರಿಮಳವನ್ನು ತೆಗೆಯಬಹುದು. ಇಲ್ಲದ್ದನ್ನು ತೆಗೆಯಲಾಗದು.

ನೆರೆಮನೆಯ ವರ್ತಕ

ಹದಿಮೂರನೇ ಶತಮಾನದ ಚರಿತ್ರಕಾರ ಕಿಫ್ತೀ ಒಂದು ಘಟನೆಯನ್ನು ದಾಖಲಿಸಿದ್ದಾರೆ. ಅಲ್ ಕಿಂದಿಯವರ ನೆರೆಯಲ್ಲಿ ಒಬ್ಬ ದೊಡ್ಡ ವರ್ತಕನಿದ್ದ. ಅವನಿಗೆ ಅಲ್ ಕಿಂದಿಯವರೆಂದರೆ ಆಗದು. ಸಿಕ್ಕಸಿಕ್ಕಲ್ಲಿ ಅವರನ್ನು ನಿಂದಿಸುತ್ತಿದ್ದ. ಆ ವರ್ತಕನ ವ್ಯಾಪಾರವನ್ನೆಲ್ಲ ಅವನ ಮಗನೇ ನೋಡಿಕೊಳ್ಳುತ್ತಿದ್ದ. ಒಂದು ದಿನ ಮಗ ಇದ್ದಕ್ಕಿದ್ದಂತೆ ಪ್ರಜ್ಞೆ ತಪ್ಪಿ ಬಿದ್ದ. ಬಗ್ದಾದಿನ ವೈದ್ಯರೆಲ್ಲ ಕೈಚೆಲ್ಲಿದರು. ಯಾರಿಗೆ ಎಷ್ಟು ಕೊಡಬೇಕು, ಯಾರಿಂದ ಎಷ್ಟು ಬರಬೇಕು ಎಂಬ ಲೆಕ್ಕವೂ ಆ ಮಗನ ತಲೆಯಲ್ಲೇ ಉಳಿದಿತ್ತು.

ಆಗ ಯಾರೋ ಆ ತಂದೆಗೆ ಹೇಳಿದರು: ಈ ಕಾಯಿಲೆಯನ್ನು ಬಲ್ಲವರು ನಿನ್ನ ನೆರೆಮನೆಯಲ್ಲೇ ಇದ್ದಾರೆ. ಹಳೆಯ ನಿಂದೆಗಳೆಲ್ಲ ನೆನಪಾಗಿ ವರ್ತಕನಿಗೆ ತಾನೇ ಹೋಗಲು ಮುಖವಿರಲಿಲ್ಲ. ಮಧ್ಯಸ್ಥರ ಮೂಲಕ ಹೇಳಿಕಳುಹಿಸಿದ. ಅಲ್ ಕಿಂದಿಯವರು ಎದ್ದು ಬಂದರು. ಹಳೆಯ ಮಾತನ್ನು ಎತ್ತಲಿಲ್ಲ. ನಾಡಿ ಹಿಡಿದು ನೋಡಿ, ತಂತಿವಾದ್ಯ ಬಲ್ಲ ತಮ್ಮ ಶಿಷ್ಯರನ್ನು ಕರೆಸಿ, ರೋಗಿಯ ತಲೆದೆಸೆಯಲ್ಲಿ ಒಂದು ನಿರ್ದಿಷ್ಟ ರಾಗವನ್ನು ನುಡಿಸುವಂತೆ ಹೇಳಿದರು. ಸಂಗೀತದ ಬಗ್ಗೆ ಉಲಮಾಗಳಲ್ಲಿರುವ ಚರ್ಚೆಯನ್ನು ಇಲ್ಲಿ ಎತ್ತುವುದು ಬೇಡ; ಇದು ಅವರ ಚಿಕಿತ್ಸೆಯ ಕ್ರಮವಾಗಿತ್ತು. ಸ್ವಲ್ಪ ಹೊತ್ತಿನಲ್ಲಿ ಮಗ ಅಲುಗಾಡಿದ, ಎದ್ದು ಕುಳಿತ, ಮಾತಾಡಿದ. ಲೆಕ್ಕಗಳನ್ನು ಕೇಳಿಕೊಳ್ಳುವಂತೆ ಅಲ್ ಕಿಂದಿಯವರು ತಂದೆಗೆ ಸೂಚಿಸಿದರು. ಕೊಡುವುದು, ಬರುವುದು ಎಲ್ಲವನ್ನೂ ಬರೆದುಕೊಂಡದ್ದಾಯಿತು. ಅನಂತರ ಮಗ ಮತ್ತೆ ಪ್ರಜ್ಞೆ ಕಳೆದುಕೊಂಡ. ಇನ್ನೊಮ್ಮೆ ಎಬ್ಬಿಸಬೇಕೆಂದು ತಂದೆ ಗೋಗರೆದ. ಅಲ್ಲಾಹನು ನಿಶ್ಚಯಿಸಿದ ಆಯುಷ್ಯಕ್ಕೆ ಒಂದು ಉಸಿರನ್ನೂ ಕೂಡಿಸಲು ಯಾವ ವೈದ್ಯನಿಗೂ ಸಾಧ್ಯವಿಲ್ಲವೆಂದು ಅಲ್ ಕಿಂದಿಯವರು ತಿಳಿಸಿದರು.

ಈ ಘಟನೆಯಲ್ಲಿ ಎರಡು ಗುಣಗಳನ್ನು ಗಮನಿಸಿರಿ. ನಿಂದಿಸಿದವನ ಬಾಗಿಲಿಗೂ ಅವರು ಹೋದರು. ತಮ್ಮ ವಿದ್ಯೆಯ ಗಡಿ ಎಲ್ಲಿಯೆಂದು ಅವರಿಗೆ ಗೊತ್ತಿತ್ತು. ಮೃತನ ಸಾಲ ತೀರದೆ ಉಳಿಯುವುದು ಎಷ್ಟು ಗಂಭೀರ ವಿಷಯವೆಂದು ಬಲ್ಲ ನಮಗೆ, ಆ ಕೊನೆಯ ಗಳಿಗೆಯ ಲೆಕ್ಕದ ಬೆಲೆಯೂ ತಿಳಿಯುತ್ತದೆ.

ಕಸಿದುಕೊಂಡ ಗ್ರಂಥಾಲಯ

ಖಲೀಫಾ ಮುತವಕ್ಕಿಲರ ಕಾಲದಲ್ಲಿ (847-861) ಅಲ್ ಕಿಂದಿಯವರ ಬದುಕು ತಿರುವು ಪಡೆಯಿತು. ಮೂಸಾರ ಮಕ್ಕಳೆಂದು ಪ್ರಸಿದ್ಧರಾದ ಮುಹಮ್ಮದ್ ಮತ್ತು ಅಹ್ಮದ್ ಎಂಬ ಸಹೋದರರು ಆಸ್ಥಾನದಲ್ಲಿದ್ದರು. ಗಣಿತದಲ್ಲಿ, ಯಂತ್ರವಿದ್ಯೆಯಲ್ಲಿ ಅಪ್ರತಿಮರು. ಆದರೆ ಅಸೂಯೆ ವಿದ್ವಾಂಸರನ್ನೂ ಬಿಡುವುದಿಲ್ಲ. ಅವರ ಚಾಡಿಮಾತಿನಿಂದ ಖಲೀಫಾರು ಅಲ್ ಕಿಂದಿಯವರನ್ನು ಹೊಡೆಸಿದರು. ಸಹೋದರರು ಅವರ ಗ್ರಂಥಗಳನ್ನೆಲ್ಲ ಹೊತ್ತುಕೊಂಡು ಹೋಗಿ ಬೇರೆಡೆ ಕೂಡಿಟ್ಟರು. ವಯಸ್ಸಾದ ವಿದ್ವಾಂಸನ ಕೈಯಿಂದ ಪುಸ್ತಕಗಳನ್ನು ಕಸಿದರೆ ಅವನಿಗೆ ಉಳಿಯುವುದೇನು?

ಮುಂದೇನಾಯಿತೆಂದು ವೈದ್ಯರ ಚರಿತ್ರೆ ಬರೆದ ಇಬ್ನ್ ಅಬೀ ಉಸೈಬಿಅ ತಿಳಿಸುತ್ತಾರೆ. ಖಲೀಫಾರು ಜಅಫರೀ ಎಂಬ ಕಾಲುವೆಯನ್ನು ತೋಡಿಸುವ ಕೆಲಸವನ್ನು ಮೂಸಾರ ಮಕ್ಕಳಿಗೆ ವಹಿಸಿದರು. ಅವರು ಅದನ್ನು ಫರ್ಗಾನಿ ಎಂಬ ತಜ್ಞರಿಗೆ ಒಪ್ಪಿಸಿದರು. ಲೆಕ್ಕ ತಪ್ಪಿತು. ಕಾಲುವೆಯ ಬಾಯಿ ಮುಂದಿನ ಭಾಗಕ್ಕಿಂತ ಆಳವಾಯಿತು. ಬಾಯಿಗೆ ಬಂದ ನೀರು ಮುಂದಕ್ಕೆ ಹರಿಯುವಂತಿರಲಿಲ್ಲ. ಓದುಗರೇ, ನಾರಾಯಣಪುರ ಬಲದಂಡೆ ಕಾಲುವೆಯ ಕೊನೆಯ ಹೊಲಗಳಲ್ಲಿ ನೀರಿಗಾಗಿ ಕಾದ ನಮ್ಮ ರೈತರಿಗೆ ಇಂಥ ತಪ್ಪಿನ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಖಲೀಫಾರಿಗೆ ಸುದ್ದಿ ಮುಟ್ಟಿತು. ಸನದ್ ಇಬ್ನ್ ಅಲೀ ಎಂಬ ತಜ್ಞರನ್ನು ಕರೆಸಿ ಪರೀಕ್ಷಿಸಲು ಹೇಳಿದರು. ತಪ್ಪು ನಿಜವಾದರ ಸಹೋದರರಿಬ್ಬರನ್ನೂ ಆ ಕಾಲುವೆಯ ದಂಡೆಯಲ್ಲೇ ಶೂಲಕ್ಕೇರಿಸುವುದಾಗಿ ಆಣೆ ಮಾಡಿದರು. ಸಹೋದರರು ನಡುಗುತ್ತಾ ಸನದರ ಬಳಿ ಬಂದರು. ಈ ಸನದರನ್ನೂ ಅವರೇ ಆಸ್ಥಾನದಿಂದ ದೂರವಿಡಿಸಿದ್ದರು. ಸನದರಿಗೂ ಅಲ್ ಕಿಂದಿಯವರಿಗೂ ಒಳ್ಳೆಯ ಸಂಬಂಧವಿರಲಿಲ್ಲ. ಆದರೂ ಸನದರು ಮೊದಲು ಎತ್ತಿದ್ದು ತಮ್ಮ ಕಷ್ಟವನ್ನಲ್ಲ. ತನಗೂ ಅಲ್ ಕಿಂದಿಗೂ ವೈರವಿದ್ದರೂ ಸತ್ಯವೇ ಎಲ್ಲಕ್ಕಿಂತ ಮಿಗಿಲಾದುದು, ಅವರ ಪುಸ್ತಕಗಳನ್ನು ಹಿಂದಿರುಗಿಸದ ಹೊರತು ತಾನು ನೆರವಾಗುವುದಿಲ್ಲ ಎಂದು ಷರತ್ತು ಹಾಕಿದರು. ಪುಸ್ತಕಗಳು ಒಂದೂ ಉಳಿಯದಂತೆ ಹಿಂದಿರುಗಿದವು. ಎಲ್ಲವೂ ತಲುಪಿವೆಯೆಂದು ಅಲ್ ಕಿಂದಿಯವರ ಕೈಬರಹದ ರಶೀದಿ ಬಂದ ಮೇಲೆಯೇ ಸನದರು ಒಪ್ಪಿದರು.

ಅನಂತರ ಸನದರು ಖಲೀಫಾರಿಗೆ ಕಾಲುವೆಯಲ್ಲಿ ದೋಷವಿಲ್ಲವೆಂದು ಹೇಳಿ ಸಹೋದರರನ್ನು ಉಳಿಸಿದರು. ನದಿ ತುಂಬಿ ಹರಿಯುತ್ತಿದ್ದ ಆ ತಿಂಗಳುಗಳಲ್ಲಿ ತಪ್ಪು ಹೊರಗೆ ಕಾಣುವಂತಿರಲಿಲ್ಲ. ಹೆಚ್ಚು ಕಾಲ ಕಳೆಯುವ ಮುಂಚೆಯೇ ಖಲೀಫಾರು ಕೊಲೆಯಾದರು. ಸನದರ ಆ ಸುಳ್ಳನ್ನು ನಾವು ಮಾದರಿಯೆಂದು ಹೇಳುವುದಿಲ್ಲ. ಆದರೆ ತನಗೆ ಆಗದವನ ಹಕ್ಕಿಗಾಗಿ ನಿಂತ ಆ ಗಳಿಗೆ ಮಾತ್ರ ಮರೆಯಲಾಗದ್ದು. ಯಾವುದೇ ಜನರ ಮೇಲಿನ ದ್ವೇಷ ನಿಮ್ಮನ್ನು ನ್ಯಾಯದಿಂದ ದೂರ ಸರಿಸದಿರಲಿ ಎಂಬುದು ಪವಿತ್ರ ಕುರ್‌ಆನಿನ ಅಲ್ ಮಾಇದಾ ಅಧ್ಯಾಯದ ಬೋಧನೆ. ಆ ಬೋಧನೆ ಪುಸ್ತಕದಿಂದ ಇಳಿದು ಒಬ್ಬ ಮನುಷ್ಯನ ಬಾಯಲ್ಲಿ ಮಾತಾಡಿದ ಗಳಿಗೆಯದು. ನಮ್ಮ ಓಣಿಯಲ್ಲಿ, ನಮ್ಮ ಜಮಾಅತಿನಲ್ಲಿ, ಮಾತು ಬಿಟ್ಟ ಸೋದರನ ಹಕ್ಕಿಗಾಗಿ ನಾವು ಎಷ್ಟು ಸಲ ನಿಂತಿದ್ದೇವೆ?

ಹಸಿರು ಮರದ ಬೆಂಕಿ

ಅಲ್ ಕಿಂದಿಯವರ ತತ್ವಜ್ಞಾನದ ಬಗ್ಗೆ ಉಲಮಾಗಳಲ್ಲಿ ಒಂದೇ ಅಭಿಪ್ರಾಯವಿಲ್ಲ. ಗ್ರೀಕ್ ತತ್ವಜ್ಞಾನದ ಕಡೆಗಿನ ಅವರ ಒಲವನ್ನು ಹಲವರು ಒಪ್ಪಿಲ್ಲ. ಆದರೆ ಎರಡು ವಿಷಯಗಳಲ್ಲಿ ಅವರು ಗ್ರೀಕರ ಮುಂದೆ ತಲೆಬಾಗಲಿಲ್ಲ. ಜಗತ್ತು ಅನಾದಿಯೆಂದು ಅರಿಸ್ಟಾಟಲ್ ಹೇಳಿದ್ದ. ಅಲ್ ಕಿಂದಿಯವರು ಅದನ್ನು ತರ್ಕದಿಂದಲೇ ಅಲ್ಲಗಳೆದು, ಜಗತ್ತನ್ನು ಏಕನಾದ ಸೃಷ್ಟಿಕರ್ತನು ಶೂನ್ಯದಿಂದ ಉಂಟುಮಾಡಿದನೆಂದು ವಾದಿಸಿದರು. ಮನುಷ್ಯನು ವರ್ಷಗಟ್ಟಲೆ ಕಲಿತು ಪಡೆಯುವ ವಿದ್ಯೆಗಿಂತ, ಅಲ್ಲಾಹನು ಪ್ರವಾದಿಗಳಿಗೆ ನೇರವಾಗಿ ಕೊಡುವ ಜ್ಞಾನವು ಎಷ್ಟೋ ಮೇಲೆಂದು ಅವರು ಬರೆದರು.

ಇದಕ್ಕೆ ಅವರು ಆರಿಸಿಕೊಂಡ ಉದಾಹರಣೆ ಯಾಸೀನ್ ಅಧ್ಯಾಯದ ಕೊನೆಯ ಭಾಗ. ಜೀರ್ಣವಾದ ಎಲುಬುಗಳಿಗೆ ಜೀವ ಕೊಡುವವನಾರೆಂದು ಕೇಳಿದ ನಿಷೇಧಿಗೆ ಅಲ್ಲಾಹನು ಕೊಟ್ಟ ಉತ್ತರವದು. ಹಸಿರು ಮರದಿಂದ ಬೆಂಕಿಯನ್ನು ಉಂಟುಮಾಡಿದವನು ಅವನೇ ಎಂದು ಅಲ್ಲಿ ನೆನಪಿಸಲಾಗಿದೆ. ಹಸಿರು ಎಂದರೆ ತೇವ. ಬೆಂಕಿ ಅದಕ್ಕೆ ವಿರುದ್ಧ. ಒಂದರಿಂದ ಅದಕ್ಕೆ ವಿರುದ್ಧವಾದುದನ್ನು ಹೊರತರಬಲ್ಲವನಿಗೆ, ಇಲ್ಲದ್ದನ್ನು ಇರುವಂತೆ ಮಾಡಬಲ್ಲವನಿಗೆ, ಸತ್ತದ್ದನ್ನು ಎಬ್ಬಿಸುವುದು ಕಷ್ಟವೇ? ಇಷ್ಟು ಚುಟುಕಾಗಿ ಇಷ್ಟು ಪೂರ್ಣವಾದ ಉತ್ತರವನ್ನು ಯಾವ ತತ್ವಜ್ಞಾನಿಯೂ ಕೊಡಲಾರನೆಂದು ಅಲ್ ಕಿಂದಿಯವರು ವಿವರಿಸಿದರು. ನಮ್ಮ ಮನೆಗಳಲ್ಲಿ ರೋಗಿಯ ಬಳಿ, ಮೃತರ ನೆನಪಿನಲ್ಲಿ ಓದುವ ಯಾಸೀನಿನ ಈ ಅರ್ಥವನ್ನು ಎಷ್ಟು ಜನ ಗಮನಿಸಿದ್ದೇವೆ?

ದುಃಖವನ್ನು ದೂರ ಮಾಡುವ ಬಗೆಯನ್ನು ಕುರಿತೂ ಅವರದೊಂದು ಪುಟ್ಟ ಕೃತಿ ಉಳಿದಿದೆ. ಅದರಲ್ಲಿ ಒಂದು ಹಡಗಿನ ದೃಷ್ಟಾಂತವಿದೆ. ಹಡಗು ಒಂದು ದಡದಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತದೆ. ಕೆಲವರು ಬೇಕಾದುದನ್ನಷ್ಟೇ ತೆಗೆದುಕೊಂಡು ಬೇಗನೆ ಮರಳಿ ಒಳ್ಳೆಯ ಜಾಗದಲ್ಲಿ ಕೂಡುತ್ತಾರೆ. ಇನ್ನು ಕೆಲವರು ಬಣ್ಣದ ಕಲ್ಲು, ಚೆಂದದ ಹೂವುಗಳನ್ನು ಆರಿಸುತ್ತಾ ತಡಮಾಡಿ, ಹೊರೆ ಹೊತ್ತು ಬಂದು ಇಕ್ಕಟ್ಟಿನಲ್ಲಿ ತುರುಕಿಕೊಳ್ಳುತ್ತಾರೆ. ದಾರಿಯಲ್ಲಿ ಹೂವು ಬಾಡಿ ನಾರುತ್ತದೆ, ಎಸೆಯದೆ ಗತಿಯಿಲ್ಲ. ಕೆಲವರಂತೂ ಹಡಗು ಹೊರಟಿತೆಂಬ ಕೂಗು ಕೇಳಿಸದಷ್ಟು ದೂರ ಹೋಗಿ ಅಲ್ಲೇ ಉಳಿಯುತ್ತಾರೆ. ಈ ಲೋಕ ಆ ದಡ. ನಾವು ಆ ಪ್ರಯಾಣಿಕರು. ಸುಗಂಧಗಳ ಬಗ್ಗೆ ಗ್ರಂಥ ಬರೆದ ವಿದ್ವಾಂಸರಿಗೆ ಎಲ್ಲ ಹೂವೂ ಒಂದು ದಿನ ಬಾಡುತ್ತದೆಂಬುದು ಚೆನ್ನಾಗಿ ಗೊತ್ತಿತ್ತು.

ಅವರ ಕೊನೆಯ ವರ್ಷಗಳು ಆಸ್ಥಾನದ ಸದ್ದಿನಿಂದ ದೂರವಾಗಿ ಕಳೆದವು. ಮೊಣಕಾಲಿನ ಕಾಯಿಲೆಯೊಂದು ಅವರನ್ನು ಬಹಳವಾಗಿ ಬಾಧಿಸಿತು. ಸುಮಾರು ಕ್ರಿ.ಶ. 873ರಲ್ಲಿ ಅವರು ಬಗ್ದಾದಿನಲ್ಲಿ ನಿಧನರಾದರು.

ನಮಗೆ ಉಳಿದದ್ದು

ಪ್ರಿಯ ಓದುಗರೇ, ಪರಿಮಳವು ಪ್ರವಾದಿವರ್ಯರಿಗೆ(ಸ) ಪ್ರಿಯವಾಗಿತ್ತು. ರೈಹಾನ್ ಎಂಬ ಸುಗಂಧದ ಎಲೆಯನ್ನು ಯಾರಾದರೂ ಕೊಟ್ಟರೆ ಬೇಡವೆನ್ನಬಾರದೆಂದು ಅವರು ಕಲಿಸಿದರು. ಅದು ಹೊರಲು ಹಗುರ, ಅದರ ವಾಸನೆ ಹಿತ. ನಾವು ಸಬ್ಜಾ ಎಂದು ಕರೆದು ಕಬರಸ್ತಾನದಲ್ಲಿ ಬೆಳೆಸುವ ಕಾಮಕಸ್ತೂರಿ ಅದೇ ಜಾತಿಯ ಗಿಡ. ಮುಂದಿನ ಸಲ ಅದರ ಎಲೆಯೊಂದು ಕೈಗೆ ಬಂದಾಗ ಹೊಸಕಿ ನೋಡಿರಿ. ಒಳಗಿದ್ದುದೇ ಹೊರಬರುತ್ತದೆ. ಮನುಷ್ಯನೂ ಹಾಗೆಯೇ. ಕಷ್ಟ, ನಿಂದೆ, ನಷ್ಟಗಳ ಶಾಖ ತಗುಲಿದಾಗ ಅವನೊಳಗೆ ಏನಿದೆಯೋ ಅದೇ ಹೊರಗಿಳಿಯುತ್ತದೆ. ಅಲ್ ಕಿಂದಿಯವರಿಗೂ ಆ ಶಾಖ ತಗುಲಿತು. ನಿಂದಿಸಿದವನ ಮನೆಯಲ್ಲಿ ಅವರಿಂದ ಇಳಿದದ್ದು ಉಪಕಾರ. ಅನ್ಯರ ವಿದ್ಯೆಯ ಮುಂದೆ ಇಳಿದದ್ದು ಕೃತಜ್ಞತೆ. ಕುರ್‌ಆನಿನ ಮುಂದೆ ಇಳಿದದ್ದು ವಿನಯ.

ನಮ್ಮ ಮಕ್ಕಳಿಗೆ ಪೂರ್ವಜರ ಹಿರಿಮೆಯನ್ನು ಹೇಳೋಣ, ಆದರೆ ಸತ್ಯವಾಗಿ ಹೇಳೋಣ. ಇದ್ದಷ್ಟನ್ನೇ ಹೇಳಿದರೂ ಅದು ಸಣ್ಣದಲ್ಲ. ಇಲ್ಲದ್ದನ್ನು ಬೆರೆಸಿದರೆ, ಕಲಬೆರಕೆಯ ಅತ್ತರಿನಂತೆ, ಅಸಲಿಯ ಬೆಲೆಯೂ ಹೋಗುತ್ತದೆ. ಹಿಂದಿನವರನ್ನು ಹೊಗಳುವುದರಲ್ಲೇ ದಿನ ಕಳೆಯದೆ, ಅವರಂತೆ ಪುಸ್ತಕದ ಮುಂದೆ ಕುಳಿತು ಬೆವರು ಸುರಿಸುವ ಮಕ್ಕಳನ್ನು ಬೆಳೆಸೋಣ.

ನಮ್ಮ ವಿದ್ಯೆಯನ್ನು ಅಲ್ಲಾಹನು ಹಲಾಲ್ ಮಾರ್ಗದಲ್ಲಿ ಇರಿಸಲಿ. ನಮ್ಮ ನಾಲಗೆಯನ್ನೂ ತಕ್ಕಡಿಯನ್ನೂ ಕಲಬೆರಕೆಯಿಂದ ಕಾಪಾಡಲಿ. ಆಮೀನ್.